10 ಮೀಟರ್ ದೂರದಲ್ಲಿ ಕಡಿಮೆ ಶಕ್ತಿಯ ಏರ್ ರೈಫಲ್‌ನಿಂದ ಎಷ್ಟು ನಿಖರತೆಯನ್ನು ನಿರೀಕ್ಷಿಸಬಹುದು?

ಪಡುಬಿದ್ರಿ ತೋಟದಮನೆ:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಒಂದು ಏರ್ ರೈಫಲ್ ಕೊಂಡೆ. ನಳಿಗೆಯನ್ನು ಬಗ್ಗಿಸಿ ಸ್ಪ್ರಿಂಗ್ ಬಿಗಿಯುವ ಸಾದಾ ಮಾದರಿ, 4.5 ಮಿ.ಮೀ. ಪೆಲೆಟ್ (ಸೀಸದ ಸಣ್ಣ ಗುಂಡು), ಡಬ್ಬದ ಮೇಲೆ ಸೆಕೆಂಡಿಗೆ 120 ಮೀಟರ್ ವೇಗವೆಂದು ಬರೆದಿದೆ. ದುರ್ಬೀನು ಇಲ್ಲ, ಗುರಿ ನೋಡಲು ಕೋವಿಯಲ್ಲೇ ಬಂದ ಸೈಟ್‌ಗಳು (ಹಿಂದಿನ ಕಿಂಡಿ, ಮುಂದಿನ ಮೊನೆ) ಮಾತ್ರ. ನಮ್ಮ ಹಿತ್ತಿಲಿನ ತೆಂಗಿನಮರದ ಬುಡದಿಂದ ಬಾವಿಯ ಆಚೆಗಿನ ಮುರಕಲ್ಲಿನ ಗೋಡೆಗೆ ಟೇಪು ಹಿಡಿದರೆ ಸರಿಯಾಗಿ 10 ಮೀಟರ್ ಆಗುತ್ತದೆ. ಮೇಜಿನ ಮೇಲೆ ಕುಚ್ಚಲಕ್ಕಿ ತುಂಬಿದ ಬಟ್ಟೆಯ ಚೀಲವನ್ನಿಟ್ಟು, ಅದರ ಮೇಲೆ ನಳಿಗೆಯನ್ನು ಒರಗಿಸಿ, ಕುರ್ಚಿಯಲ್ಲಿ ಕುಳಿತು ಹೊಡೆಯುತ್ತೇನೆ.

ಐದೈದು ಗುಂಡುಗಳನ್ನು ಹೊಡೆದು, ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆಯುತ್ತಿದ್ದೇನೆ. ಒಮ್ಮೆ 28 ಮಿ.ಮೀ. ಬಂದರೆ ಮತ್ತೊಮ್ಮೆ 52 ಬರುತ್ತದೆ. ಮಾರಿದ ಅಂಗಡಿಯವರು ಇದರಲ್ಲಿ 20 ಮೀಟರಿನಿಂದ ಒಂದು ರೂಪಾಯಿಯ ನಾಣ್ಯವನ್ನು ತಪ್ಪದೆ ಹೊಡೆಯಬಹುದೆಂದು ಹೇಳಿದ್ದರು. ವೀಡಿಯೊಗಳಲ್ಲಿ ನೋಡಿದರೆ ಐದು ಗುಂಡುಗಳು ಒಂದೇ ತೂತಿನೊಳಗೆ ಹೋಗುತ್ತವೆ. ದೋಷ ಕೋವಿಯಲ್ಲಿದೆಯೇ, ನನ್ನ ಕೈಯಲ್ಲಿದೆಯೇ, ಅಥವಾ ನನ್ನ ನಿರೀಕ್ಷೆಯೇ ತಪ್ಪೇ? ತಿಳಿದವರು ದಯವಿಟ್ಟು ಅಂಕಿಯ ಸಮೇತ ಹೇಳಬೇಕು.

ಕಾರ್ಕಳ ಗೊಮ್ಮಟಬೆಟ್ಟ:
ನನ್ನದೂ ಅದೇ ಬಗೆಯ ಕೋವಿ. 10 ಮೀಟರಿನಲ್ಲಿ 5 ಗುಂಡಿಗೆ 25 ಮಿ.ಮೀ. ಬಂದ ದಿನ ನನಗೆ ತೃಪ್ತಿ.

ಬಂಟ್ವಾಳ ಬಾಣ:
ಸೆಕೆಂಡಿಗೆ 120 ಮೀಟರ್ ಎಂದರೆ ತೀರ ಕಡಿಮೆ ಶಕ್ತಿ ಮಾರಾಯರೇ. ಅದನ್ನು ಮಾರಿ ಹೆಚ್ಚು ಶಕ್ತಿಯ ಕೋವಿಯನ್ನು ತೆಗೆದುಕೊಳ್ಳಿ. 4.5 ಮಿ.ಮೀ. ನಳಿಗೆ, 20 ಜೂಲ್‌ವರೆಗಿನ ಶಕ್ತಿ ಇರುವ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಾಗಿಲ್ಲ. ಅಷ್ಟು ಅವಕಾಶ ಇರುವಾಗ 4 ಜೂಲ್ ಕೂಡ ಇಲ್ಲದ ಕೋವಿಯಲ್ಲಿ ಏಕೆ ಒದ್ದಾಡುವುದು?

ಕದ್ರಿ ಹಳಬ:
ಬಂಟ್ವಾಳದವರ ಮಾತನ್ನು ಒಪ್ಪಲಾರೆ. ಶಕ್ತಿಗೂ ನಿಖರತೆಗೂ ನೇರ ಸಂಬಂಧವಿದೆ ಎಂಬ ತಪ್ಪು ತಿಳಿವಳಿಕೆಯಿಂದಾಗಿಯೇ ಎಷ್ಟೋ ಹೊಸಬರು ದುಡ್ಡು ಕಳೆದುಕೊಂಡದ್ದನ್ನು ನಾನು ಮೂವತ್ತು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಅವರು ಚಿನ್ನ ಗೆದ್ದದ್ದೂ, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಅವರು ಕಂಚು ಗೆದ್ದದ್ದೂ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ಆ ಸ್ಪರ್ಧೆಯ ಕೋವಿಗಳು ಸುಮಾರು ಅರ್ಧ ಗ್ರಾಂ ತೂಕದ ಪೆಲೆಟ್ ಅನ್ನು ಸೆಕೆಂಡಿಗೆ 170 ಮೀಟರಿನ ಆಸುಪಾಸಿನಲ್ಲಿ ಕಳಿಸುತ್ತವೆ. ಲೆಕ್ಕ ಹಾಕಿದರೆ ಅದು ಏಳು ಜೂಲಿಗೆ ತುಸು ಹೆಚ್ಚು ಆಗುತ್ತದೆ. ಅಂದರೆ ಜಗತ್ತಿನ ಅತ್ಯಂತ ನಿಖರವಾದ ಏರ್ ರೈಫಲ್‌ಗಳೂ ಕಡಿಮೆ ಶಕ್ತಿಯವೇ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಸ್ಪರ್ಧೆಯ ಕೋವಿಯಲ್ಲಿ ಮೊದಲೇ ಒತ್ತಿ ತುಂಬಿಸಿಟ್ಟ ಗಾಳಿ ಇರುತ್ತದೆ, ಟ್ರಿಗರ್ ಎಳೆದಾಗ ಒಂದು ಕವಾಟ ತೆರೆಯುತ್ತದೆ, ಅಷ್ಟೇ. ನಮ್ಮ ಕೋವಿಯೊಳಗೆ ನಡೆಯುವುದು ಒಂದು ಸಣ್ಣ ಕುಸ್ತಿ. ಸ್ಪ್ರಿಂಗ್ ಬಿಡುಗಡೆಯಾಗಿ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತಾನೇ ಒತ್ತಿದ ಗಾಳಿಯ ಮೆತ್ತೆಗೆ ಬಡಿದು ನಿಲ್ಲುವಾಗ ಕೋವಿ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ನಳಿಗೆಯನ್ನು ಬಿಟ್ಟು ಹೊರಡುವ ಮೊದಲೇ ಈ ಗದ್ದಲ ಶುರುವಾಗಿರುತ್ತದೆ. ಆದ್ದರಿಂದ ಕೋವಿಯನ್ನು ಹಿಡಿಯುವ ರೀತಿ ಪ್ರತಿ ಸಲವೂ ಒಂದೇ ಆಗಿರದಿದ್ದರೆ ಗುಂಡು ಬೇರೆ ಬೇರೆ ಕಡೆ ಹೋಗುತ್ತದೆ. ಇನ್ನೂ ಬಲವಾದ ಸ್ಪ್ರಿಂಗ್ ಹಾಕಿಸಿದರೆ ಈ ಗದ್ದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಪಡುಬಿದ್ರಿಯವರೇ, ನಳಿಗೆಯನ್ನು ಅಕ್ಕಿಚೀಲದ ಮೇಲೆ ಒರಗಿಸುವುದನ್ನು ಇಂದಿನಿಂದಲೇ ಬಿಟ್ಟುಬಿಡಿ. ಚೀಲದ ಮೇಲೆ ನಿಮ್ಮ ಎಡಗೈಯನ್ನಿಡಿ, ತೆರೆದ ಅಂಗೈಯ ಮೇಲೆ ಕೋವಿಯ ಮರದ ಭಾಗವನ್ನು, ಟ್ರಿಗರ್ ಕಾವಲಿನ (ಟ್ರಿಗರ್ ಸುತ್ತಲಿನ ಬಳೆಯ) ಸ್ವಲ್ಪ ಮುಂದೆ, ಸುಮ್ಮನೆ ಕೂರಿಸಿ. ಬೆರಳುಗಳಿಂದ ಹಿಡಿಯಬೇಡಿ. ಭುಜಕ್ಕೂ ಬಿಗಿಯಾಗಿ ಒತ್ತಬೇಡಿ. ಕೋವಿ ತನ್ನಷ್ಟಕ್ಕೆ ಹಿಂದೆ ಮುಂದೆ ಹೋಗಲಿ.

ಪಡುಬಿದ್ರಿ ತೋಟದಮನೆ:
ಸರ್, ಹಿಡಿತ ಬಿಗಿಯಾದಷ್ಟೂ ಒಳ್ಳೆಯದೆಂದು ತಿಳಿದು ನಾನು ಹಲ್ಲು ಕಚ್ಚಿ ಹಿಡಿಯುತ್ತಿದ್ದೆ. ನಾಳೆಯೇ ಪ್ರಯತ್ನಿಸುತ್ತೇನೆ.

ಮಣಿಪಾಲ ಅಳತೆಗೋಲು:
ಅಂಕಿ ಕೇಳಿದ್ದೀರಿ, ಆದ್ದರಿಂದ ಅಳತೆಯ ಬಗ್ಗೆ ಒಂದು ಮಾತು. 5 ಗುಂಡುಗಳ ಒಂದೇ ಗುಂಪನ್ನು ನೋಡಿ ಕೋವಿಯ ಯೋಗ್ಯತೆಯನ್ನು ನಿರ್ಧರಿಸಲು ಸಾಧ್ಯವಿಲ್ಲ. ಕೋವಿಯೂ ಕೈಯೂ ಒಂದಿಷ್ಟೂ ಬದಲಾಗದಿದ್ದರೂ ಗುಂಡುಗಳ ಸಂಖ್ಯೆ ಹೆಚ್ಚಿದಂತೆ ಗುಂಪು ಅಗಲವಾಗುತ್ತದೆ, ಏಕೆಂದರೆ ದೂರ ಬೀಳುವ ಒಂದು ಗುಂಡಿಗೆ ಅವಕಾಶ ಹೆಚ್ಚುತ್ತದೆ. ಗುಂಡುಗಳು ಎಲ್ಲ ದಿಕ್ಕಿಗೂ ಸಮನಾಗಿ ಚದುರುತ್ತವೆ ಎಂದು ಇಟ್ಟುಕೊಂಡರೆ, 3 ಗುಂಡಿನ ಗುಂಪು ಸರಾಸರಿ 24 ಮಿ.ಮೀ. ಬರುವ ಕೋವಿಯಲ್ಲಿ 5 ಗುಂಡಿಗೆ ಸುಮಾರು 31, 10 ಗುಂಡಿಗೆ ಸುಮಾರು 38 ಮಿ.ಮೀ. ಬರುತ್ತದೆ. ಮೂರೂ ಒಂದೇ ಕೋವಿಯ ಅಂಕಿಗಳು. ವೀಡಿಯೊ ಮಾಡುವವರು ಹತ್ತು ಗುಂಪುಗಳನ್ನು ಹೊಡೆದು ಅತ್ಯುತ್ತಮವಾದ ಒಂದನ್ನು ಮಾತ್ರ ತೋರಿಸಿದರೆ, ಅದೂ 3 ಗುಂಡಿನದನ್ನು ತೋರಿಸಿದರೆ, ಅದನ್ನು ನಿಮ್ಮ ಸರಾಸರಿಯ ಪಕ್ಕದಲ್ಲಿಟ್ಟು ಹೋಲಿಸುವುದು ನ್ಯಾಯವಲ್ಲ.

ನಿಮ್ಮ 28 ಮತ್ತು 52ರ ನಡುವಿನಷ್ಟು ಅಂತರ 5 ಗುಂಡಿನ ಗುಂಪುಗಳಲ್ಲಿ ಬರಿಯ ಆಕಸ್ಮಿಕದಿಂದಲೂ ಬರಬಹುದು. 10 ಗುಂಡುಗಳ ನಾಲ್ಕು ಗುಂಪುಗಳನ್ನು ಹೊಡೆದು, ನಾಲ್ಕನ್ನೂ ಇಲ್ಲಿ ಹಾಕಿ. ಕೆಟ್ಟದ್ದನ್ನು ಬಿಡಬೇಡಿ.

ಬ್ರಹ್ಮಾವರ ಸುಮಾ:
ನನ್ನ ಮಗಳು ಕಾಲೇಜಿನ ತಂಡದಲ್ಲಿ 10 ಮೀಟರ್ ಹೊಡೆಯುತ್ತಾಳೆ, ಹಾಗಾಗಿ ಆ ಗುರಿಹಾಳೆಯ ಅಳತೆಗಳು ನನಗೆ ಬಾಯಿಪಾಠವಾಗಿವೆ. ನಡುವಿನ 10ರ ಚುಕ್ಕೆ ಕೇವಲ 0.5 ಮಿ.ಮೀ., ಅಂದರೆ ಪೆನ್ನಿನ ಮೊನೆ ಊರಿದಷ್ಟು. 9ರ ವೃತ್ತ 5.5 ಮಿ.ಮೀ., ಅಲ್ಲಿಂದ ಮುಂದೆ ಪ್ರತಿ ವೃತ್ತವೂ 5 ಮಿ.ಮೀ. ಹೆಚ್ಚುತ್ತಾ ಹೋಗಿ 1ರ ವೃತ್ತ 45.5 ಮಿ.ಮೀ. ಆಗುತ್ತದೆ. ಪೆಲೆಟ್‌ನ ಅಂಚು ಗೆರೆಯನ್ನು ತಾಗಿದರೂ ಒಳಗಿನ ಅಂಕವೇ ಸಿಗುತ್ತದೆ. ಆದ್ದರಿಂದ ಪೆಲೆಟ್‌ನ ನಡುವು ಗುರಿಯ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಹತ್ತು ಸಿಕ್ಕಿದಂತೆ.

ಈಗ ನಾಣ್ಯದ ಮಾತಿಗೆ ಬರೋಣ. 2011ರ ಸರಣಿಯ ನಾಣ್ಯಗಳಲ್ಲಿ ಒಂದು ರೂಪಾಯಿ ಸುಮಾರು 22 ಮಿ.ಮೀ., ಎರಡು ರೂಪಾಯಿ 25, ಹತ್ತು ರೂಪಾಯಿ 27 ಮಿ.ಮೀ. ಅಗಲ. ಗುರಿಯ ನಡುವಿನಲ್ಲಿ ಒಂದು ರೂಪಾಯಿಯಷ್ಟು ಅಗಲದ ಗುಂಪು ಬಿದ್ದರೆ ಅದರ ಅತಿ ಹೊರಗಿನ ಗುಂಡಿಗೂ 6 ಅಂಕ ಸಿಗುತ್ತದೆ. ಸಾದಾ ಕೋವಿಯಲ್ಲಿ, ಸಾದಾ ಸೈಟಿನಲ್ಲಿ ಅಷ್ಟು ಮಾಡಿದವರನ್ನು ನನ್ನ ಮಗಳ ಕೋಚ್ ಮೆಚ್ಚಿಕೊಳ್ಳುತ್ತಾರೆ. ಅಣ್ಣ, ನಿಮ್ಮ 28 ಮಿ.ಮೀ. ಗುಂಪು ಹತ್ತು ರೂಪಾಯಿಯ ನಾಣ್ಯಕ್ಕಿಂತ ಒಂದೇ ಒಂದು ಮಿ.ಮೀ. ದೊಡ್ಡದು. ಅದು ಬೇಸರಪಡುವ ಸಂಗತಿಯಲ್ಲ.

ಬಂಟ್ವಾಳ ಬಾಣ:
ಹಿರಿಯರ ಮಾತಿಗೆ ಎದುರಾಡುತ್ತೇನೆಂದು ತಿಳಿಯಬಾರದು. 10 ಮೀಟರಿಗೆ ನಿಮ್ಮ ಮಾತು ಸರಿ. ಆದರೆ ಅಂಗಡಿಯವರು ಹೇಳಿದ್ದು 20 ಮೀಟರ್. ಅಲ್ಲಿ ವೇಗ ಲೆಕ್ಕಕ್ಕೆ ಬರುವುದಿಲ್ಲವೇ?

ಕದ್ರಿ ಹಳಬ:
ಬರುತ್ತದೆ, ಖಂಡಿತ ಬರುತ್ತದೆ. ಅದನ್ನು ನಾನು ಬಿಟ್ಟದ್ದು ತಪ್ಪಾಯಿತು. ಲೆಕ್ಕವನ್ನು ಮಣಿಪಾಲದವರೇ ಹೇಳಲಿ.

ಮಣಿಪಾಲ ಅಳತೆಗೋಲು:
ಗಾಳಿಯ ತಡೆಯನ್ನು ಸದ್ಯ ಬದಿಗಿಡೋಣ. ಸೆಕೆಂಡಿಗೆ 120 ಮೀಟರ್ ವೇಗದ ಪೆಲೆಟ್ 10 ಮೀಟರ್ ತಲುಪುವಷ್ಟರಲ್ಲಿ ನೇರಗೆರೆಯಿಂದ ಸುಮಾರು 34 ಮಿ.ಮೀ. ಕೆಳಗೆ ಇಳಿಯುತ್ತದೆ, 20 ಮೀಟರಿಗೆ 136 ಮಿ.ಮೀ. ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಇಳಿತ ನಾಲ್ಕು ಪಟ್ಟು. ಇಳಿತವಷ್ಟೇ ಆಗಿದ್ದರೆ ಸೈಟನ್ನು ಏರಿಸಿ ಸರಿಪಡಿಸಬಹುದಿತ್ತು. ತೊಂದರೆ ಇರುವುದು ವೇಗದ ಏರುಪೇರಿನಲ್ಲಿ. ಒಂದು ಗುಂಡು 120ರಲ್ಲಿ ಹೋಗಿ ಮುಂದಿನದು 115ರಲ್ಲಿ ಹೋದರೆ 10 ಮೀಟರಿನಲ್ಲಿ ಅವೆರಡರ ನಡುವೆ ಮೇಲೆ ಕೆಳಗಿನ ಅಂತರ ಬರೇ 3 ಮಿ.ಮೀ., 20 ಮೀಟರಿನಲ್ಲಿ 12 ಮಿ.ಮೀ. ಒಂದು ರೂಪಾಯಿಯ ನಾಣ್ಯದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ವೇಗದ ಏರುಪೇರೊಂದೇ ನುಂಗಿಬಿಡುತ್ತದೆ. ಗಾಳಿಯ ತಡೆಯನ್ನೂ ಸೇರಿಸಿದರೆ ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ. ಹೀಗಾಗಿ 10 ಮೀಟರಿನಲ್ಲಿ ಕದ್ರಿಯವರ ಮಾತು ಸರಿ, 20 ಮೀಟರಿನಲ್ಲಿ ಬಂಟ್ವಾಳದವರ ವಾದಕ್ಕೆ ತೂಕವಿದೆ.

ಮಲ್ಪೆ ಪಡುಗಾಳಿ:
ಬಯಲಿನಲ್ಲಿ ಹೊಡೆಯುವವರು ಗಾಳಿಯನ್ನು ಮರೆಯಬಾರದು. ನಮ್ಮಲ್ಲಿ ಮಧ್ಯಾಹ್ನದ ನಂತರ ಕಡಲಿನಿಂದ ಪಡುಗಾಳಿ ಬೀಸಲು ಶುರುವಾದರೆ ನಿಧಾನದ ಪೆಲೆಟ್ 20 ಮೀಟರಿನಲ್ಲಿ ಬದಿಗೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಬೆಳಿಗ್ಗೆ ಏಳು ಗಂಟೆಗೆ ತೆಂಗಿನ ಗರಿ ಅಲುಗಾಡದಿರುವಾಗ ಹೊಡೆದ ಗುಂಪನ್ನೂ ಸಂಜೆ ನಾಲ್ಕರ ಗುಂಪನ್ನೂ ನಾನು ಒಂದೇ ಹಾಳೆಯಲ್ಲಿ ಇಟ್ಟುಕೊಂಡಿದ್ದೇನೆ, ಎರಡೂ ಒಂದೇ ಕೋವಿಯವೆಂದು ಯಾರೂ ನಂಬುವುದಿಲ್ಲ.

ಪುತ್ತೂರು ಜಾತ್ರೆಗದ್ದೆ:
ಸಣ್ಣವನಿದ್ದಾಗ ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಅಂಗಡಿಯ ಮುಂದೆ ನನ್ನ ಅಪ್ಪ ಹನ್ನೆರಡು ಗುಂಡಿಗೆ ಹನ್ನೊಂದು ಬಲೂನು ಒಡೆದಿದ್ದರು. ಆ ಕೋವಿಗಳು ನಿಮ್ಮದಕ್ಕಿಂತಲೂ ಹಳೆಯವು. ಅಭ್ಯಾಸ ಬೇಕು, ಅಷ್ಟೇ.

ಕದ್ರಿ ಹಳಬ:
ನಿಮ್ಮ ತಂದೆಯವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಬಲೂನಿನ ಅಂಗಡಿಯಲ್ಲಿ ಹಲಗೆಯಿಂದ ಬಲೂನಿಗೆ ಮೂರು ನಾಲ್ಕು ಮೀಟರ್ ದೂರ, ಬಲೂನಿನ ಅಗಲ ಒಂದು ಗೇಣು. ಆ ದೂರದಲ್ಲಿ ಕೋವಿ ಎಷ್ಟು ಅಡ್ಡ ಹೊಡೆಯುತ್ತದೆಂದು ಎರಡು ಗುಂಡಿನಲ್ಲಿ ಅರಿತುಕೊಂಡವರು ಉಳಿದದ್ದನ್ನೆಲ್ಲ ಒಡೆಯಬಲ್ಲರು. ಅದು ಗಮನಶಕ್ತಿಯ ಪರೀಕ್ಷೆ. ನಾವು ಇಲ್ಲಿ ಅಳೆಯುತ್ತಿರುವುದು ಮಿಲಿಮೀಟರ್.

ಪುತ್ತೂರು ಜಾತ್ರೆಗದ್ದೆ:
ಒಪ್ಪಿದೆ. ಅಪ್ಪ ಮೊದಲ ಗುಂಡನ್ನು ಬೇಕೆಂದೇ ಹಲಗೆಗೆ ಹೊಡೆದು ತೂತು ಎಲ್ಲಿ ಬಿತ್ತೆಂದು ನೋಡಿದ್ದು ಈಗ ನೆನಪಾಗುತ್ತಿದೆ. ತಪ್ಪಿದ ಒಂದು ಗುಂಡು ಅದೇ.

ಸುರತ್ಕಲ್ ಕಮ್ಮಟ:
ಪಡುಬಿದ್ರಿಯವರೇ, ಕೋವಿಯ ಸ್ಕ್ರೂಗಳನ್ನು ನೋಡಿದ್ದೀರಾ? ಸ್ಪ್ರಿಂಗ್ ಕೋವಿಯಲ್ಲಿ ಪ್ರತಿ ಗುಂಡಿಗೂ ಆಗುವ ಅದಿರಾಟಕ್ಕೆ ಮರದ ಹಿಡಿಯನ್ನು ಕಬ್ಬಿಣಕ್ಕೆ ಸೇರಿಸುವ ಸ್ಕ್ರೂಗಳು ತಾವಾಗಿಯೇ ಸಡಿಲವಾಗುತ್ತವೆ. ಮುಂಭಾಗದ ಎರಡು ಬದಿಗಳಲ್ಲಿ ಒಂದೊಂದು, ಟ್ರಿಗರ್ ಕಾವಲಿನ ಬಳಿ ಒಂದೆರಡು ಇರುತ್ತವೆ. 28ರಿಂದ 52ಕ್ಕೆ ಹಾರುವ ಗುಂಪನ್ನು ಕಂಡಾಗ ನಾನು ಮೊದಲು ಹಿಡಿಯುವುದು ಸ್ಕ್ರೂಡ್ರೈವರ್. ಆಮೇಲೆ ನಳಿಗೆಯನ್ನು ಮುಚ್ಚಿ, ಮೂತಿಯನ್ನು ಮೆಲ್ಲಗೆ ಎಡಬಲ ಅಲುಗಾಡಿಸಿ ನೋಡಿ, ಕೀಲಿನಲ್ಲಿ ಕಟಕಟ ಎಂದರೆ ಆ ಕೀಲಿನ ಬೋಲ್ಟನ್ನೂ ಬಿಗಿಯಬೇಕು.

ಕಾರ್ಕಳ ಗೊಮ್ಮಟಬೆಟ್ಟ:
ನಳಿಗೆಯ ಹಿಂದೆ ಗಾಳಿ ಹೊರಬರುವ ತೂತಿಗೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟರೆ ಹೊಡೆತ ಜೋರಾಗುತ್ತದೆ. ನಾನು ಮಾಡಿ ನೋಡಿದ್ದೇನೆ.

ಸುರತ್ಕಲ್ ಕಮ್ಮಟ:
ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಪಿಸ್ಟನ್ ಗಾಳಿಯನ್ನು ಒಮ್ಮೆಲೇ ಒತ್ತಿದಾಗ ಆ ಗಾಳಿ ಬಹಳ ಬಿಸಿಯಾಗುತ್ತದೆ, ಡೀಸೆಲ್ ಇಂಜಿನಿನಲ್ಲಿ ಆಗುವಂತೆಯೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹೊಡೆತ ಜೋರಾದಂತೆ ಕೇಳಿಸುವುದು ಅದರಿಂದಲೇ. ಒಂದು ಗುಂಡಿಗೆ ಹೊತ್ತಿಕೊಂಡು ಇನ್ನೊಂದಕ್ಕೆ ಹೊತ್ತಿಕೊಳ್ಳದಿದ್ದರೆ ವೇಗ ಏರುಪೇರಾಗುತ್ತದೆ, ಮೇಲೆ ಮಣಿಪಾಲದವರು ಹೇಳಿದ 12 ಮಿ.ಮೀ. ಹೀಗೇ ಹುಟ್ಟುವುದು. ಸೀಲು ಮತ್ತು ಸ್ಪ್ರಿಂಗ್ ಕೂಡ ಬೇಗ ಹಾಳಾಗುತ್ತವೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಎಣ್ಣೆ ಬೇಕಾದದ್ದು ಹೊರಮೈಗೆ. ಮಳೆಗಾಲದಲ್ಲಿ ಕೈಬೆವರು ತಾಗಿದ ಕಬ್ಬಿಣದ ಮೇಲೆ ಎರಡೇ ದಿನದಲ್ಲಿ ಬೆರಳಿನ ಗುರುತಿನಾಕಾರದಲ್ಲೇ ತುಕ್ಕು ಏಳುತ್ತದೆ. ಹೊಡೆದು ಮುಗಿದ ಮೇಲೆ ಎಣ್ಣೆಬಟ್ಟೆಯಲ್ಲಿ ಒರೆಸಿಡಿ.

ಕಾರ್ಕಳ ಗೊಮ್ಮಟಬೆಟ್ಟ:
ಹೊಗೆ ಬರುತ್ತಿದ್ದದ್ದು ಅದಕ್ಕೇ ಎಂದು ಈಗ ತಿಳಿಯಿತು. ತಿದ್ದಿದ್ದಕ್ಕೆ ಧನ್ಯವಾದ ಮಾರಾಯರೇ, ಇನ್ನು ಒಳಗೆ ಎಣ್ಣೆ ಹಾಕುವುದಿಲ್ಲ.

ಉಡುಪಿ ರಥಬೀದಿ:
ಪೆಲೆಟ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಡಬ್ಬಿಯನ್ನು ಬಿಳಿ ತಟ್ಟೆಗೆ ಸುರಿದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಹಿಂಬದಿಯ ತೆಳುವಾದ ಲಂಗದಂಥ ಭಾಗ ಕೆಲವದರಲ್ಲಿ ನಸುವೇ ಚಪ್ಪಟೆಯಾಗಿರುತ್ತದೆ, ಕೆಲವದರ ಅಂಚಿನಲ್ಲಿ ಸೀಸದ ಎಳೆಯೊಂದು ಅಂಟಿಕೊಂಡಿರುತ್ತದೆ. ನಳಿಗೆಗೆ ತುಂಬುವಾಗ ಹೆಬ್ಬೆರಳಿಗೂ ಗೊತ್ತಾಗುತ್ತದೆ: ಒಂದು ಪೆಲೆಟ್ ತಾನಾಗಿ ಬಿದ್ದುಬಿಡುತ್ತದೆ, ಇನ್ನೊಂದನ್ನು ಒತ್ತಿ ಕೂರಿಸಬೇಕಾಗುತ್ತದೆ. ಅವೆರಡೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ನಾನು ಅಗ್ಗದ ಡಬ್ಬಿಯ ನೂರರಲ್ಲಿ ಹದಿನೆಂಟನ್ನು ಬದಿಗಿಟ್ಟೆ, ಉಳಿದವುಗಳ ಗುಂಪು ಕಣ್ಣಿಗೆ ಕಾಣುವಷ್ಟು ಸಣ್ಣದಾಯಿತು. ಕಾಗದದ ಗುರಿಗೆ ಚಪ್ಪಟೆ ಮೂತಿಯ ಪೆಲೆಟ್ ಒಳ್ಳೆಯದು, ಅಂಚು ಹರಿಯದೆ ದುಂಡಗಿನ ತೂತು ಬೀಳುವುದರಿಂದ ಅಳೆಯುವುದೂ ಸುಲಭ. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸಾಬೂನು ಹಾಕಿ ತೊಳೆಯಲೇಬೇಕು.

ಬಂಟ್ವಾಳ ಬಾಣ:
ಸೈಟಿನ ಬದಲು ದುರ್ಬೀನು ಹಾಕಿಸಿದರೆ ಅರ್ಧ ಸಮಸ್ಯೆ ಪರಿಹಾರವಾಗುವುದಿಲ್ಲವೇ?

ಮಣಿಪಾಲ ಅಳತೆಗೋಲು:
ಕಣ್ಣಿನ ಪಾಲು ಎಷ್ಟೆಂದು ಮೊದಲು ನೋಡೋಣ. ಮುಂದಿನ ಮತ್ತು ಹಿಂದಿನ ಸೈಟುಗಳ ನಡುವೆ 45 ಸೆಂ.ಮೀ. ಇದೆ ಎಂದುಕೊಳ್ಳಿ. ಹಿಂದಿನ ಕಿಂಡಿಯಲ್ಲಿ ಮುಂದಿನ ಮೊನೆ ನಡುವಿನಿಂದ ಕಾಲು ಮಿ.ಮೀ. ಸರಿದರೆ 10 ಮೀಟರಿನಲ್ಲಿ ಗುಂಡು ಐದೂವರೆ ಮಿ.ಮೀ. ಸರಿಯುತ್ತದೆ. ನೋಟವನ್ನು ಗುರಿಯ ಮೇಲೆ ನೆಟ್ಟರೆ ಮೊನೆ ಮಸುಕಾಗಿ ಈ ತಪ್ಪು ಕಾಣುವುದೇ ಇಲ್ಲ. ಮುಂದಿನ ಮೊನೆ ಸ್ಪಷ್ಟವಾಗಿ, ಗುರಿ ತುಸು ಮಸುಕಾಗಿ ಕಾಣಬೇಕು.

ದುರ್ಬೀನು ಇದನ್ನು ತಪ್ಪಿಸುತ್ತದೆ, ನಿಜ. ಆದರೆ ದೊಡ್ಡ ಕೋವಿಗಳಿಗಾಗಿ 100 ಮೀಟರಿಗೆ ಹೊಂದಿಸಿದ ದುರ್ಬೀನನ್ನು 10 ಮೀಟರಿಗೆ ಬಳಸಿದರೆ ಕಣ್ಣು ನಡುವಿನಿಂದ ಸರಿದಾಗ ದುರ್ಬೀನಿನೊಳಗೆ ಕಾಣುವ ಕೂಡುಗೆರೆ ಗುರಿಯ ಮೇಲೆಯೇ ಜಾರುತ್ತದೆ. ಮುಂದಿನ ಗಾಜು 40 ಮಿ.ಮೀ. ಇದ್ದರೆ ಈ ಜಾರು ಹೆಚ್ಚೆಂದರೆ 18 ಮಿ.ಮೀ.ವರೆಗೂ ಹೋಗಬಹುದು. ಅಲ್ಲದೆ ಸ್ಪ್ರಿಂಗ್ ಕೋವಿಯ ಎರಡು ದಿಕ್ಕಿನ ಒದೆತವನ್ನು ಸಾಮಾನ್ಯ ದುರ್ಬೀನು ಬಹಳ ದಿನ ತಾಳುವುದಿಲ್ಲ. ಏರ್ ರೈಫಲ್‌ಗೆಂದೇ ಮಾಡಿದ್ದು ಬೇಕು, ಅದರ ಬೆಲೆ ಕೆಲವೊಮ್ಮೆ ಕೋವಿಯ ಬೆಲೆಯನ್ನೇ ಮುಟ್ಟುತ್ತದೆ.

ಬೆಳ್ತಂಗಡಿ ಅಡಿಕೆ:
ನಮ್ಮ ತೋಟಕ್ಕೆ ಮಂಗಗಳು ಬಂದು ಎಳನೀರನ್ನು ಹಾಳು ಮಾಡುತ್ತವೆ. ಇಂಥ ಕೋವಿಯಲ್ಲಿ 25 ಮೀಟರಿನಿಂದ ಹೆದರಿಸುವಷ್ಟು ನಿಖರತೆ ಸಿಗಬಹುದೇ?

ಬ್ರಹ್ಮಾವರ ಸುಮಾ:
ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ ಎಂಬುದು ಒಂದು. ಮೇಲಿನ ಲೆಕ್ಕವನ್ನೇ ನೋಡಿ: 20 ಮೀಟರಿನಲ್ಲಿಯೇ ಗುಂಡು ಎಲ್ಲಿ ಬೀಳುತ್ತದೆಂದು ಹೇಳಲಾಗದ ಕೋವಿಯಿಂದ ಜೀವಿಯ ಕಣ್ಣಿಗೋ ಹೊಟ್ಟೆಗೋ ತಾಗಿ ಅದು ವಾರಗಟ್ಟಲೆ ನರಳುತ್ತದೆ. ಇದನ್ನು ಕಾಗದಕ್ಕೂ ಗೆರಟೆಗೂ ಮಾತ್ರ ಬಳಸಿ.

ಬೆಳ್ತಂಗಡಿ ಅಡಿಕೆ:
ಸರಿ ಅಕ್ಕ, ಆ ಯೋಚನೆಯನ್ನು ಬಿಟ್ಟೆ.

ಸುರತ್ಕಲ್ ಕಮ್ಮಟ:
ಇನ್ನೊಂದು ಮುಖ್ಯ ವಿಷಯ. ಪಡುಬಿದ್ರಿಯವರು ಮುರಕಲ್ಲಿನ ಗೋಡೆಗೆ ಹಾಳೆ ಅಂಟಿಸಿ ಹೊಡೆಯುತ್ತಿದ್ದರೆ ತಕ್ಷಣ ನಿಲ್ಲಿಸಬೇಕು. ಆ ಕಲ್ಲಿನ ಮೈಯಲ್ಲಿ ತೂತುಗಳೂ ಏಣುಗಳೂ ಇರುವುದರಿಂದ ಪೆಲೆಟ್ ಯಾವ ಕಡೆಗೆ ಸಿಡಿಯುತ್ತದೆಂದು ಊಹಿಸಲಾಗದು. ಒಮ್ಮೆ ಹಾಗೆ ಸಿಡಿದು ಬಂದ ಸೀಸದ ಚೂರು ನನ್ನ ಕನ್ನಡಕದ ಗಾಜಿನ ಮೇಲೆ ಗೀರು ಹಾಕಿದೆ, ಆ ಕನ್ನಡಕವನ್ನು ಇನ್ನೂ ಇಟ್ಟುಕೊಂಡಿದ್ದೇನೆ. ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ದಿನಪತ್ರಿಕೆಗಳನ್ನು ಗಟ್ಟಿಯಾಗಿ ಒತ್ತಿ ತುಂಬಿ, ಹಿಂದೆ ಒಂದು ಮರದ ಹಲಗೆ ಕೊಟ್ಟರೆ ಈ ಶಕ್ತಿಯ ಪೆಲೆಟ್ ಅಲ್ಲೇ ನಿಲ್ಲುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು, ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಇರಬೇಕು.

ಪಡುಬಿದ್ರಿ ತೋಟದಮನೆ:
ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ಪೆಟ್ಟಿಗೆ ಮಾಡಿಸಿದೆ, ಕನ್ನಡಕ ತಂದೆ. ಸುರತ್ಕಲ್‌ನವರು ಹೇಳಿದಂತೆ ಸ್ಕ್ರೂಡ್ರೈವರ್ ಹಿಡಿದರೆ ಮುಂದಿನ ಬಲಬದಿಯ ಸ್ಕ್ರೂ ಮುಕ್ಕಾಲು ಸುತ್ತು ತಿರುಗಿತು, ಎಡಬದಿಯದು ಅರ್ಧ ಸುತ್ತು. ಇಷ್ಟು ದಿನ ನಾನು ಸಡಿಲ ಕೋವಿಯಲ್ಲಿ ಹೊಡೆದು ನನ್ನ ಕೈಯನ್ನು ಬೈದುಕೊಳ್ಳುತ್ತಿದ್ದೆ. ಕದ್ರಿಯವರ ಮಾತಿನಂತೆ ಅಂಗೈಯ ಮೇಲೆ ಕೂರಿಸಿ ಹೊಡೆದಾಗ ಮೊದಲ ದಿನ ಕೋವಿ ಜಾರಿಹೋಗುತ್ತದೆಂಬ ಭಯವಾಯಿತು, ಮೂರನೆಯ ದಿನಕ್ಕೆ ಅಭ್ಯಾಸವಾಯಿತು.

10 ಮೀಟರಿನಲ್ಲಿ 10 ಗುಂಡುಗಳ ನಾಲ್ಕು ಗುಂಪುಗಳು: 33, 29, 36, 31 ಮಿ.ಮೀ. ಯಾವುದನ್ನೂ ಬಿಟ್ಟಿಲ್ಲ. ನಿನ್ನೆ ಬೆಳಿಗ್ಗೆ ಗಾಳಿ ಇಲ್ಲದಾಗ ಗೇಟಿನ ಬಳಿಯಿಂದ 20 ಮೀಟರಿಗೂ ಒಂದು ಗುಂಪು ಹೊಡೆದೆ. ಅಗಲ 52 ಮಿ.ಮೀ., ಎತ್ತರ 70 ಮಿ.ಮೀ., ಅತಿ ದೂರದ ಎರಡು ತೂತುಗಳ ನಡುವೆ 74 ಮಿ.ಮೀ.

ಮಣಿಪಾಲ ಅಳತೆಗೋಲು:
ನಾಲ್ಕರ ಸರಾಸರಿ 32ಕ್ಕೆ ತುಸು ಹೆಚ್ಚು. 5 ಗುಂಡಿನ ಲೆಕ್ಕಕ್ಕೆ ಇಳಿಸಿದರೆ ಸುಮಾರು 26 ಮಿ.ಮೀ., ಅಂದರೆ ಎರಡು ರೂಪಾಯಿ ಮತ್ತು ಹತ್ತು ರೂಪಾಯಿಯ ನಾಣ್ಯಗಳ ನಡುವೆ. ಈ ಬಗೆಯ ಕೋವಿಗೆ, ಈ ಸೈಟಿಗೆ ಅದು ಒಳ್ಳೆಯ ಫಲಿತಾಂಶ. 20 ಮೀಟರಿನಲ್ಲಿ ಎತ್ತರ ಅಗಲಕ್ಕಿಂತ ಹೆಚ್ಚಿರುವುದನ್ನು ಗಮನಿಸಿ, ವೇಗದ ಏರುಪೇರು ಇರುವ ಕೋವಿಯಲ್ಲಿ ಆಗಬೇಕಾದದ್ದು ಹಾಗೆಯೇ. ಆದರೂ ಒಂದೇ ಗುಂಪಿನಿಂದ ಅದನ್ನು ಖಚಿತವಾಗಿ ಹೇಳಲಾರೆ, ಇನ್ನೂ ಮೂರು ಗುಂಪು ಹೊಡೆಯಿರಿ.

ಬಂಟ್ವಾಳ ಬಾಣ:
ಕೋವಿ ಮಾರಿ ಎಂದು ಹೇಳಿದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ನನ್ನ 18 ಜೂಲ್ ಕೋವಿಯಲ್ಲಿ 10 ಮೀಟರಿಗೆ 10 ಗುಂಡಿನ ಗುಂಪನ್ನು ನಿನ್ನೆ ಮೊದಲ ಬಾರಿಗೆ ಅಳೆದೆ, 41 ಮಿ.ಮೀ. ಬಂತು.

ಕದ್ರಿ ಹಳಬ:
ಅದರ ಸ್ಕ್ರೂಗಳನ್ನು ನೋಡಿದಿರಾ?

ಬಂಟ್ವಾಳ ಬಾಣ:
ಇನ್ನೂ ಇಲ್ಲ ಸರ್. ಈಗ ಎದ್ದು ನೋಡುತ್ತೇನೆ.